ಏಳನೆಯ ನಟ್ಟು

ಅದು ನಿಜವಾಗಿ ತಿರುಗಿತೋ, ತಿರುಗಿದ ಹಾಗೆ ತನ್ನ ಬೆರಳಿಗೆ ಅನ್ನಿಸಿತೋ ಎಂಬುದು ಹನ್ನೊಂದು ದಿನ ಕಳೆದರೂ ಅವಳಿಗೆ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದೂ ಒಂದು ಕಳ್ಳತನವೇ ಎಂಬುದು ಮಾತ್ರ ಗೊತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ, ಬಾಯಿ ತುಂಬ ನೊರೆಯಿಟ್ಟುಕೊಂಡು, ಕನ್ನಡಿಯೊಳಗಿನ ಮುಖಕ್ಕೆ ‘ತಿರುಗಿತು’ ಎಂದು ಒಂದು ಸಲ ಅಂದು ನೋಡಿದಳು. ನೊರೆಯಿದ್ದುದರಿಂದ ಅದು ಮಾತಾಗಲಿಲ್ಲ. ದಿನಚರಿಯ ಆ ದಿನದ ಪುಟದಲ್ಲಿ, ಹಿಂದಿನ ಚಕ್ರಕ್ಕೆ ಹಲ್ಲುಚಕ್ರ ಕೂರಿಸಿದೆವು, ಒಂಬತ್ತು ನಟ್ಟು, ಗುರುತು ನಾನು ಹಾಕಿದೆ, ಎಂದಷ್ಟೇ ಇತ್ತು. ಸುಳ್ಳನ್ನೇನೂ ಬರೆದಿರಲಿಲ್ಲ, ಹೇಳಬೇಕಾದ ಕಡೆ ಪೂರ್ಣವಿರಾಮ ಇಟ್ಟು ದೀಪ ಆರಿಸಿದ್ದಳು, ಅಷ್ಟೆ. ಬಚ್ಚಲ ಬಾಗಿಲಾಚೆ ಅಪ್ಪ ಸಿಳ್ಳೆ ಹಾಕುತ್ತಿದ್ದರು. ಅಪ್ಪನ ಸಿಳ್ಳೆ ಆ ಮನೆಯಲ್ಲಿ ಕೇಳಿ ಎರಡು ವರ್ಷಗಳಾಗಿದ್ದವು.

ಇವತ್ತು ಗಾಡಿ ಬೀದಿಗಿಳಿಯುತ್ತದೆ. ನಾಲ್ಕು ತಿಂಗಳ ಹಿಂದೆ ಅದು ಗುಜರಿ ಅಂಗಡಿಯಿಂದ ಹೆಗಲ ಮೇಲೆ ಬಂದ, ಮುಟ್ಟಿದರೆ ಕೈಗೆ ಕಂದು ಬಳಿಯುವ ಬರೀ ಸೈಕಲ್ ಚೌಕಟ್ಟು. ಅಮ್ಮ ಅದನ್ನು ನೋಡಿ, “ಇದನ್ನ ತಂದ್ರೋ, ಇದೇ ನಿಮ್ಮನ್ನ ತಂತೋ?” ಎಂದಿದ್ದಳು. ಈಗ ಹಜಾರದ ನಡುವೆ, ಹಳೆಯ ಬೆಡ್‌ಶೀಟಿನ ಮೇಲೆ, ನೂರು ವರ್ಷ ಹಿಂದಿನ ಬೀದಿಯೊಂದರಿಂದ ದಾರಿ ತಪ್ಪಿ ಬಂದ ಹಾಗೆ ನಿಂತಿತ್ತು: ಸವಾರನ ಕಡೆಗೆ ಕೊಂಬಿನಂತೆ ಬಾಗಿ ಬಂದ ಹ್ಯಾಂಡಲ್ಲು, ಕೆನೆ ಬಣ್ಣದ ಟೈರು, ತಗಡು ಕತ್ತರಿಸಿ ಬೆಸುಗೆ ಹಾಕಿದ ಉದ್ದನೆಯ ಟ್ಯಾಂಕು, ಹಿತ್ತಾಳೆಯ ದೀಪ, ಚೌಕಟ್ಟಿನ ಹೊಟ್ಟೆಯಲ್ಲಿ ಮಗುವಿನ ತಲೆಯಷ್ಟು ದೊಡ್ಡ ಎಂಜಿನ್ನು. ಎಂಜಿನ್ನು ಪಾರ್ಸೆಲ್ಲಿನಲ್ಲಿ ಬಂದಿತ್ತು. ಅದರ ಜೊತೆ ಬಂದ ಸೂಚನೆಯ ಹಾಳೆಯನ್ನು ಓದಿ ಅರ್ಥ ಹೇಳುವುದು ಅವಳ ಪಾಲಿನ ಕೆಲಸವಾಯಿತು. ಓದು ಮುಗಿಸಿ, ಸಂದರ್ಶನಗಳಲ್ಲಿ ಗಂಟಲು ಕಟ್ಟಿ, ಮನೆಯಲ್ಲಿ ಕೂತವಳಿಗೆ ಆ ನಾಲ್ಕು ಪುಟದ ಹಾಳೆ ದೊಡ್ಡ ಉದ್ಯೋಗದಂತೆಯೇ ಇತ್ತು. ಕೂತಲ್ಲಿ ಕೂತು, ಅಪ್ಪನ ಮುಖ ನೋಡದೆ, ಓದಿದರೆ ಸಾಕು. ಹಾಳೆಯಲ್ಲಿ ದಪ್ಪಕ್ಷರದಲ್ಲಿದ್ದದ್ದು ಒಂದೇ ಎಚ್ಚರಿಕೆ. ಚಕ್ರದ ಕಡ್ಡಿಗಳಿಗೆ ಕಚ್ಚಿಸಿದ ಹಲ್ಲುಚಕ್ರ ಸಡಿಲವಾಗಿ ಜರುಗಿದರೆ ಚೈನು ಕಡ್ಡಿಗಳ ನಡುವೆ ಸಿಕ್ಕಿ, ಗಾಡಿ ಓಡುತ್ತಿರುವಾಗಲೇ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಆ ಸಾಲನ್ನು ಅವಳೇ ಓದಿದ್ದಳು, ಎಂದೂ ಇಲ್ಲದಷ್ಟು ಗಟ್ಟಿಯಾಗಿ. “ಅದಕ್ಕೇ ಒಂಬತ್ತು ನಟ್ಟು ಕೊಟ್ಟಿರೋದು,” ಎಂದಿದ್ದರು ಅಪ್ಪ. “ನಾನು ಬಿಗಿದ್ರೆ ಮೂರು ಸಾಕಿತ್ತು.”

ಪಂಪು ಜೋಡಿಸುವ ಕಾರ್ಖಾನೆಯಲ್ಲಿ ಅಪ್ಪನಿಗೆ ಬಿಗಿ ಮೇಸ್ತ್ರಿ ಎಂದು ಹೆಸರಿತ್ತು. ಅವರು ಬಿಗಿದದ್ದನ್ನು ಬಿಚ್ಚಲು ಅವರನ್ನೇ ಕರೆಯಬೇಕು ಎಂದು ಜೊತೆಯವರು ಮನೆಗೆ ಬಂದಾಗ ನಗುತ್ತಿದ್ದರು. ಅಪ್ಪ ನಗದೆ, ಆದರೆ ಕಿವಿ ಕೆಂಪಾಗಿ, ಲೋಟ ಕೆಳಗಿಡುತ್ತಿದ್ದರು. ಅಲ್ಲಿಂದಲೇ ತಂದ ಪದ್ಧತಿ ಒಂದಿತ್ತು. ನಟ್ಟು ಬಿಗಿಯಾದ ಕೂಡಲೇ ಅದರ ಮೇಲಿನಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುವುದು. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗುರುತು ಬಿದ್ದ ನಟ್ಟನ್ನು ಆಮೇಲೆ ಯಾರೂ ಮುಟ್ಟಬಾರದು, ಅನುಮಾನಿಸಲೂ ಬಾರದು. ಮುಟ್ಟಿದರೆ ಅದು ಬಿಗಿದವನ ಕೆನ್ನೆಗೆ ಹೊಡೆದ ಹಾಗೆ. ಬಿಗಿಯುವವನು ಒಬ್ಬ, ಗುರುತು ಹಾಕುವವನು ಇನ್ನೊಬ್ಬ. ಗುರುತು ಹಾಕುವವನು ಎಡಗೈಯಲ್ಲಿ ನಟ್ಟನ್ನು ಹಿಡಿದು ನೋಡಿಯೇ ಕುಂಚ ಎತ್ತಬೇಕು. ಹೀಗೆ ಹೇಳಿಕೊಟ್ಟದ್ದು ಅಪ್ಪನೇ. ಹೇಳಿಕೊಟ್ಟು, ಸಣ್ಣ ಕುಂಚವನ್ನು ಅವಳ ಕೈಯಲ್ಲಿಟ್ಟು, “ನಿನ್ನ ಕೈ ನಡುಗಲ್ಲ ಪುಟ್ಟಿ, ಅಕ್ಷರ ನೋಡಿದ್ರೇ ಗೊತ್ತಾಗುತ್ತೆ,” ಎಂದರು. ಆ ಮಾತಿನ ಇನ್ನೊಂದು ಅರ್ಧವನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಿವೃತ್ತಿಗೆ ಮುಂಚಿನ ಎರಡು ವರ್ಷ ಅಪ್ಪ ಜೋಡಣೆಯ ವಿಭಾಗದಲ್ಲಿರಲಿಲ್ಲ, ಉಗ್ರಾಣದಲ್ಲಿದ್ದರು. ನನ್ನ ಸ್ವಂತ ಕೋರಿಕೆಯ ಮೇರೆಗೆ ಎಂದು ಆರಂಭವಾಗುವ ಆ ಅರ್ಜಿಯನ್ನು ಅವಳ ಅಕ್ಷರ ದುಂಡಗಿದೆಯೆಂದು ಅವಳಿಂದಲೇ ಬರೆಸಿದ್ದರು. ಅಪ್ಪ ಕೆಳಗೆ ಸಹಿ ಮಾಡುವಾಗ ಅವಳು ಕಿಟಕಿಯ ಹೊರಗೆ ಯಾರೋ ಬಟ್ಟೆ ಒಣಹಾಕುವುದನ್ನು ನೋಡುತ್ತ ನಿಂತಿದ್ದಳು. ಒಂದು ಅಂಗಿ, ಇನ್ನೊಂದು ಅಂಗಿ, ಒಂದು ಟವೆಲು. ಸಹಿ ಮುಗಿಯುವುದಕ್ಕೆ ಅಷ್ಟು ಹೊತ್ತು ಹಿಡಿಯಿತು.

ನಟ್ಟಿನ ಹಿಂಬದಿಯಲ್ಲಿ ಬೋಲ್ಟಿನ ತಲೆ ಇರುತ್ತದೆ. ಈಚೆಯಿಂದ ನಟ್ಟು ತಿರುಗಿಸುವಾಗ ಆಚೆಯಿಂದ ತಲೆಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿಯದಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ. ಆವತ್ತು ಸಂಜೆ ಚಕ್ರದ ಆಚೆ ಕೂತು ಹಿಡಿದವಳು ಅವಳು. ಕಡ್ಡಿಗಳ ನಡುವಿನಿಂದ ಅಪ್ಪನ ಮುಖ ತುಂಡುತುಂಡಾಗಿ ಕಾಣುತ್ತಿತ್ತು; ಕಣ್ಣು ಮುಚ್ಚಿಕೊಂಡು, ಕಬ್ಬಿಣ ಏನು ಹೇಳುತ್ತದೆಂದು ಕೇಳಿಸಿಕೊಳ್ಳುವವರ ಹಾಗೆ ಕತ್ತು ಓರೆ ಮಾಡಿಕೊಂಡಿದ್ದರು. ಮೊದಲ ನಾಲ್ಕಕ್ಕೆ ಅವಳ ಕೈಯ ಸ್ಪ್ಯಾನರು ಅಂಗೈಗೆ ಒತ್ತಿ ನೋವಾಯಿತು. ಆರನೆಯದಕ್ಕೆ ನೋವಾಗಲಿಲ್ಲ. ಏಳನೆಯದು, ಗಾಳಿ ತುಂಬುವ ವಾಲ್ವಿನ ನೇರಕ್ಕಿದ್ದದ್ದು, ಅದಕ್ಕೆ ಬಲದ ಬದಲು ಒಂದು ನಡುಕವಷ್ಟೇ ಉಕ್ಕಿನೊಳಗಿಂದ ಹಾದು ಬಂತು, ಗೋಡೆಯಾಚೆ ಯಾರೋ ಅಳುವುದು ಈಚೆಯ ಗೋಡೆಗೆ ಕೈಯಿಟ್ಟರೆ ತಿಳಿಯುವ ಹಾಗೆ. ಅಪ್ಪ, “ಹ್ಞೂಂ,” ಎಂದರು. ಅದು ಬಿಗಿಯಾಯಿತು, ಗುರುತು ಹಾಕು ಎಂಬುದರ ಹ್ಞೂಂ. ಅವಳು ಎದ್ದು ಈಚೆ ಬಂದು ಎಡಗೈಯ ಎರಡು ಬೆರಳಲ್ಲಿ ನಟ್ಟು ಹಿಡಿದಳು. ಅದು ತಿರುಗಿತು. ಎಣ್ಣೆ ಹಚ್ಚಿದ ಹಾಗೆ, ಸದ್ದಿಲ್ಲದೆ, ಕಾಲು ಸುತ್ತು. ಅಪ್ಪ ಹಣೆಯ ಬೆವರನ್ನು ಮೊಣಕೈಯಲ್ಲಿ ಒರೆಸಿಕೊಳ್ಳುತ್ತ, “ಏನು ನೋಡ್ತಿದ್ದೀಯ? ಬಣ್ಣ ಒಣಗುತ್ತೆ,” ಎಂದರು. ಅವಳು ಕುಂಚ ಎತ್ತಿದಳು. ಗೆರೆ ನೇರವಾಗಿ ಬಂತು. ಎಂದಿಗಿಂತ ನೇರವಾಗಿ ಬಂತು. ಉಳಿದೆರಡನ್ನು ಅವಳು ಹಿಡಿದು ನೋಡಲೇ ಇಲ್ಲ.

ಅಡುಗೆಮನೆಯಲ್ಲಿ ಅಮ್ಮ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. ಪೂರ್ತಿ ತೆಗೆಯಲಿಲ್ಲ, ಕಟ್ ಎಂದು ಒಂದು ಸಲ ಸಡಿಲಿಸಿ, ಮತ್ತೆ ಹಗುರವಾಗಿ ಕೂರಿಸಿ, “ರೀ, ಈ ಮುಚ್ಚಳ ಬರ್ತಾನೇ ಇಲ್ಲ, ಒಂಚೂರು ತೆಗೆದುಕೊಡಿ,” ಎಂದು ಕೂಗಿದಳು. ಅಪ್ಪ ಸಿಳ್ಳೆ ನಿಲ್ಲಿಸಿ ಬಂದು, ತೆಗೆದುಕೊಟ್ಟು, “ನಿಮಗೆಲ್ಲ ಹಿಡಿಯೋದೇ ಗೊತ್ತಿಲ್ಲ,” ಎಂದು ಹೋದರು. ಅಮ್ಮ ಮಗಳ ಕಡೆ ನೋಡಲಿಲ್ಲ. ಮಗಳು ನೋಡಿದ್ದಾಳೆಂದು ಗೊತ್ತಿದ್ದೇ ನೋಡಲಿಲ್ಲ. ವರ್ಷದಿಂದ ಈ ಮನೆಯ ಎಲ್ಲ ಮುಚ್ಚಳಗಳೂ ಹೀಗೆ ಸಡಿಲವಾಗಿಯೇ ಕೂತಿದ್ದವು. ಇದು ಪ್ರೀತಿಯೇ ಇರಬೇಕು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಹಾಗಾದರೆ ತಾನು ಎಳೆದ ಗೆರೆಯೂ ಅದೇ. ಆದರೆ ಡಬ್ಬಿಯ ಮೇಲೆ ಕೂತುಕೊಂಡು ಯಾರೂ ಇಳಿಜಾರಿನಲ್ಲಿ ಹೋಗುವುದಿಲ್ಲ. ಮೊನ್ನೆ ಅಪ್ಪ ಕ್ಷೌರಕ್ಕೆ ಹೋದಾಗ ಅವಳು ಎರಡೂ ಸ್ಪ್ಯಾನರು ಹಿಡಿದು ಚಕ್ರದ ಪಕ್ಕ ಕೂತು, ಎರಡೂ ತೋಳುಗಳನ್ನು ಎರಡು ಕಡೆಯಿಂದ ಚಾಚಿ, ಚಕ್ರವನ್ನೇ ತಬ್ಬಿಕೊಂಡವಳ ಹಾಗೆ ಹೆಣಗಿದ್ದಳು. ಒಂದು ಕಡೆ ಹಿಡಿತ ಸಿಕ್ಕರೆ ಇನ್ನೊಂದು ಕಡೆ ಜಾರುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು, “ಏನೇ ಅದು?” ಎಂದಳು. “ಒರೆಸ್ತಿದ್ದೆ.” “ಗುರುತು ಹಾಕಿದ್ಮೇಲೆ ಮುಟ್ಟಬೇಡ ಮಾರಾಯ್ತಿ. ಅವರು ಊಟ ಬಿಟ್ಟು ಕೂತ್ರೆ ನನ್ನ ಕೈಲಾಗಲ್ಲ.” ಒರೆಸ್ತಿದ್ದೆ ಎಂಬ ಮಾತು ಎಷ್ಟು ಸಲೀಸಾಗಿ ಬಂತು. ಸಂದರ್ಶನದಲ್ಲಿ ಸ್ವಂತ ಹೆಸರು ಹೇಳುವುದಕ್ಕೆ ಒದ್ದಾಡುವ ನಾಲಿಗೆ ಸುಳ್ಳಿಗೆ ಮಾತ್ರ ತಡವರಿಸುವುದಿಲ್ಲ.

ಒಂಬತ್ತೂವರೆಗೆ ಭಾವ ಬಂದ. ಅಕ್ಕನಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ, ಹಾಗಾಗಿ ಒಬ್ಬನೇ. ವಿಮೆ ಮಾಡಿಸುವ ಕೆಲಸದವನಾದ್ದರಿಂದ ಯಾರ ಮನೆಗೆ ಹೋದರೂ ಮೊದಲು ನಗು, ಆಮೇಲೆ ಚಪ್ಪಲಿ ಬಿಡುವುದು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟ್ಯಾಂಕಿನ ಮೇಲೆ ಬೆರಳಾಡಿಸಿ, “ಮಾವ, ಇದು ಗಾಡಿ ಅಲ್ಲ, ಮದುಮಗ! ಇದನ್ನ ಬೀದಿಗೆ ಬಿಡೋದಾ, ದೃಷ್ಟಿ ತಾಗುತ್ತೆ,” ಎಂದ. ಅಪ್ಪ ಸ್ಟ್ಯಾಂಡಿನ ಸ್ಪ್ರಿಂಗನ್ನು ನೋಡುತ್ತಿರುವ ಹಾಗೆ ಬಗ್ಗಿ ಖುಷಿಯನ್ನು ಅಡಗಿಸಿಕೊಂಡರು.

“ಎಷ್ಟು ಓಡುತ್ತೆ?”

“ಮೂವತ್ತು, ಮೂವತ್ತೈದು. ಇಳಿಜಾರಲ್ಲಿ ಇನ್ನೂ ಜಾಸ್ತಿ.”

“ಬ್ರೇಕು?”

“ಇರುತ್ತಪ್ಪ. ಬಿಡ್ತಾರಾ?”

“ಅಲ್ಲ ಮಾವ, ಬಿದ್ರೆ ನಿಮ್ಮ ಕ್ಲೇಮು ನಾನೇ ಬರೀಬೇಕಲ್ಲ, ಅದಕ್ಕೆ ಕೇಳ್ದೆ. ಏನಮ್ಮ ಮೌನಗೌರಿ, ನೀನೂ ಕೈಜೋಡಿಸಿದ್ದೀಯಂತೆ? ಎಂ.ಎ. ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅನ್ನು.”

ಅವಳು ನಕ್ಕಳು. ನಗಬೇಕಾದಲ್ಲಿ ನಗುವುದು ಅವಳಿಗೆ ಬರುತ್ತಿತ್ತು. ಭಾವನಿಗೆ ಹೇಳಿಬಿಟ್ಟರೆ? ಗೇಟಿನ ಹತ್ತಿರ ಒಂದು ನಿಮಿಷ, ಭಾವ ಒಂಚೂರು ಬನ್ನಿ, ಎಂದರೆ ಸಾಕು. ಭಾವ ಒಳ್ಳೆಯವನೇ. ಆದರೆ ಆ ಮಾತನ್ನು ಅವನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಅಕ್ಕನಿಗೆ ಕೊಡುತ್ತಾನೆ, ಮುಂದಿನ ಸಲ ಬಂದಾಗ ಅಪ್ಪನ ಕೈಯಿಂದ ಚೀಲವನ್ನು ತಾನೇ ಮುಂದಾಗಿ ತೆಗೆದುಕೊಳ್ಳುತ್ತಾನೆ, ‘ಕೊಡಿ ಮಾವ, ಕೊಡಿ’ ಎಂದು. ಆ ‘ಕೊಡಿ’ ಈಗಲೇ ಕಿವಿಯಲ್ಲಿ ಕೇಳಿಸಿದಂತಾಗಿ ಅವಳು ಗೇಟಿನ ಕಡೆ ಹೋಗಲಿಲ್ಲ.

ಗಾಡಿಯನ್ನು ಮೆಟ್ಟಿಲಿಳಿಸಿದರು. ಮುಂದೆ ಭಾವ, ಹಿಂದೆ ಅವಳು, ನಡುವೆ ಹ್ಯಾಂಡಲ್ಲಿಗೆ ಕೈ ಹಚ್ಚಿ ಅಪ್ಪ. ಮನೆಯ ಮುಂದಿನ ಬೀದಿ ಇನ್ನೂರು ಹೆಜ್ಜೆ ನೇರ ಇಳಿಜಾರು. ಇಳಿಜಾರಿನ ಬುಡದಲ್ಲಿ ದೊಡ್ಡ ರಸ್ತೆ. ರಜೆಯ ದಿನವಾದರೂ ಅಲ್ಲಿ ಬಸ್ಸುಗಳು ಒಂದರ ಬಾಲ ಹಿಡಿದು ಇನ್ನೊಂದು ಹೋಗುತ್ತಿದ್ದವು. ಮನೆಗಳ ನಡುವಿನ ಸಂದಿನಲ್ಲಿ ಒಂದು ಕ್ಷಣ ಕೆಂಪು, ಒಂದು ಕ್ಷಣ ಖಾಲಿ, ಮತ್ತೆ ಕೆಂಪು. ಎದುರುಮನೆಯ ದರ್ಜಿ ಅಳತೆಯ ಟೇಪು ಕೊರಳಲ್ಲಿಟ್ಟುಕೊಂಡೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. “ಎಂಜಿನ್ನು ಶುರು ಆಗೋದು ಇಳಿಜಾರಲ್ಲೇ,” ಅಪ್ಪ ವಿವರಿಸುತ್ತಿದ್ದರು. “ಕ್ಲಚ್ಚು ಹಿಡಿದು ಉರುಳಬೇಕು. ವೇಗ ಬಂದ ಕೂಡ್ಲೇ ಬಿಡಬೇಕು. ಆಗ ಚೈನು ಜಗ್ಗುತ್ತೆ, ಎಂಜಿನ್ನು ಏಳುತ್ತೆ.” ಚೈನು ಜಗ್ಗುತ್ತೆ ಎಂದಾಗ ಅವಳ ಕಣ್ಣು ತಾನಾಗಿ ಚಕ್ರದ ವಾಲ್ವನ್ನು ಹುಡುಕಿತು. ವಾಲ್ವು ಮೇಲಿತ್ತು. ಅದರ ನೇರಕ್ಕೆ ಕೆಂಪು ಗೆರೆ, ಉಳಿದೆಂಟು ಗೆರೆಗಳ ಹಾಗೆಯೇ ಅಚ್ಚುಕಟ್ಟಾಗಿ, ಅವಳದೇ ಅಕ್ಷರ. ಒಂದೇ ತಾನೆ ಎಂದು ಇಷ್ಟು ದಿನ ಲೆಕ್ಕ ಹಾಕಿದ್ದಳು; ಆದರೆ ಎಂಟನೆಯದನ್ನೂ ಒಂಬತ್ತನೆಯದನ್ನೂ ಬಿಗಿದದ್ದು ಏಳನೆಯದರಲ್ಲಿ ಸೋತ ಅದೇ ಕೈ.

“ಮೊದಲು ನಾನು ಕೂರ್ಲಾ ಮಾವ?” ಎಂದ ಭಾವ.

“ಕಟ್ಟಿದವನು ಮೊದಲು ಕೂರಬೇಕು.”

“ನಾನು ಕೂರ್ತೀನಿ.”

ಹೇಳಿದ್ದು ಅವಳೇ. ಎಲ್ಲರೂ ಅವಳ ಕಡೆ ತಿರುಗಿದರು, ದರ್ಜಿಯೂ. ಮುಖ ಬಿಸಿಯಾಯಿತು, ಆದರೆ ಒಳಗೆ ಎಂಥದೋ ತಣ್ಣನೆಯ ಸಮಾಧಾನ ಇಳಿಯುತ್ತಿತ್ತು. ತಾನು ಕೂತು, ತಾನು ಕ್ಲಚ್ಚು ಬಿಟ್ಟು, ತಾನು ಬಿದ್ದರೆ ಮುಗಿಯಿತಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಮೂಳೆ ಮುರಿದರೆ ಪ್ಲಾಸ್ಟರು ಹಾಕುತ್ತಾರೆ. ಬಾಯಿ ತೆಗೆಯುವುದಕ್ಕಿಂತ ಅದು ಸುಲಭ. ಸಾಯುವುದೂ ಸುಲಭವೇ ಇರಬೇಕು ಎಂದು ಒಂದು ಕ್ಷಣ ಅನ್ನಿಸಿ, ಎಂಥ ಹೇಡಿ ತಾನು ಎಂದು ತನಗೇ ಭಯವಾಯಿತು.

“ನೀನಾ?” ಭಾವ ಬಿದ್ದು ಬಿದ್ದು ನಕ್ಕ. “ರಸ್ತೆ ದಾಟೋಕೆ ಅಮ್ಮನ ಸೆರಗು ಹಿಡೀತೀಯ!”

“ಕ್ಲಚ್ಚಿಗೆ ಕೈ ಎಟುಕಲ್ಲ ಪುಟ್ಟಿ,” ಎಂದರು ಅಪ್ಪ ಮೆತ್ತಗೆ. “ನಿನ್ನನ್ನ ಸಾಯಂಕಾಲ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ಅರ್ಧ ಗಾಡಿ ನಿಂದೇ.”

ಅವರು ಕಾಲು ಎತ್ತಿ ಹಾಕಿ ಚರ್ಮದ ಸೀಟಿನ ಮೇಲೆ ಕೂತರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ತೋಳನ್ನು ಎರಡು ಮಡಿಕೆ ಮಡಿಚಿದ್ದರು, ಕಾರ್ಖಾನೆಗೆ ಹೋಗುತ್ತಿದ್ದ ದಿನಗಳ ಹಾಗೆ. ಹಿಂದಿನಿಂದ ಅವರ ಕತ್ತು ಕಾಣುತ್ತಿತ್ತು, ಹೊಸ ಕ್ಷೌರದ ಬಿಳಿ ಅಂಚು, ಅದರ ಕೆಳಗೆ ಮಗುವಿನ ಕತ್ತಿನಲ್ಲಿರುವಂಥ ಒಂದು ಸಣ್ಣ ಗುಳಿ. ಎಡಗೈ ಕ್ಲಚ್ಚಿನ ಹಿಡಿಕೆಯ ಮೇಲೆ ಮುಚ್ಚಿಕೊಂಡಿತು, ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು. ಮೆಟ್ಟಿಲ ಮೇಲೆ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಭಾವ ಹಿಂದಿನಿಂದ ತಳ್ಳಲು ಬಗ್ಗಿದ. “ಒಂದು,” ಎಂದ. “ಎರಡು.”

ಅವಳು ಹಿಂದಿನ ಕ್ಯಾರಿಯರನ್ನು ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ. ಭಾವ, “ಬಿಡಮ್ಮ,” ಎಂದ. ಅವಳು ಬಿಡಲಿಲ್ಲ.

“ಒಂದು ನಟ್ಟು,” ಎಂದಳು.

“ಏನು?”

“ಒಂದು ನಟ್ಟು ಸಡಿಲ ಇದೆ, ವಾಲ್ವಿನ ನೇರಕ್ಕಿರೋದು. ನಾನು... ಗುರುತು ಹಾಕೋವಾಗ ನನ್ನ ಕೈ ತಾಗಿ ತಿರುಗ್ತು. ನಾನೇ ತಿರುಗಿಸಿಬಿಟ್ಟೆ. ಹೇಳಕ್ಕೆ ಹೆದರಿಕೆ ಆಯ್ತು.”

ಅಪ್ಪ ನಿಧಾನವಾಗಿ ಇಳಿದರು. ಅವರ ಮುಖದ ಮೇಲೆ ಮೊದಲು ಬಂದದ್ದು ಕೋಪವಲ್ಲ, ನಿರಾಳ. ಅದನ್ನು ನೋಡಿದವಳು ಅವಳೊಬ್ಬಳೇ. ಅಂದರೆ ಅವರಿಗೂ ಒಳಗೊಳಗೇ ಏನೋ ಇತ್ತು, ಅದಕ್ಕೀಗ ಇನ್ನೊಬ್ಬರ ತಪ್ಪಿನ ಆಸರೆ ಸಿಕ್ಕಿತ್ತು. ಕೋಪ ಆಮೇಲೆ ಬಂತು, ಎಲ್ಲರೆದುರಿಗೆ, ದೊಡ್ಡ ದನಿಯಲ್ಲಿ. “ಗುರುತು ಅಂದ್ರೆ ಏನು ಅಂತ ಹೇಳಿದ್ದೆ ನಿಂಗೆ? ಚಿತ್ತಾರ ಅಂದ್ಕೊಂಡ್ಯಾ? ನನ್ನ ಕೆಲಸದಲ್ಲಿ ಮೂವತ್ತೊಂದು ವರ್ಷ ಒಬ್ಬ ಬೆರಳು ತೋರಿಸಿಲ್ಲ. ನಿನ್ನ ಕೈಗೆ ಕೊಟ್ಟೆನಲ್ಲ, ನನ್ನದೇ ತಪ್ಪು.” ದರ್ಜಿ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬೇರೆ ಕಡೆ ನೋಡಿದ. ಭಾವ, “ಹೋಗ್ಲಿ ಬಿಡಿ ಮಾವ, ಓದಿರೋ ಕೈ, ಪುಸ್ತಕದ ಹಾಳೆ ಅಂದ್ಕೊಂಡು ತಿರುವಿರ್ಬೇಕು,” ಎಂದ. ಅವಳು ತಲೆ ತಗ್ಗಿಸಿದಳು. ಎಂಥ ವಿಚಿತ್ರ, ಅವಮಾನ ಹಿತವಾಗಿತ್ತು. ಬೈಯಿರಿ, ಇನ್ನೂ ಬೈಯಿರಿ. ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ.

ಭಾವ ಸ್ಪ್ಯಾನರುಗಳನ್ನು ತಂದ. “ಕೊಡಿ ಮಾವ, ನಾನೇ ಒಂದು ಸಲ...”

“ನೀನು ಪಾಲಿಸಿ ಬಿಗಿ. ಇದು ನನಗೆ ಬಿಡು,” ಎಂದರು ಅಪ್ಪ. “ಪುಟ್ಟಿ, ಆಚೆ ಹೋಗಿ ಹಿಡಿ.”

ಅವಳು ಚಕ್ರದ ಆಚೆ ರಸ್ತೆಯ ಮೇಲೆ ಮಂಡಿಯೂರಿದಳು. ಜಲ್ಲಿ ಚುಚ್ಚಿತು. ಬೋಲ್ಟಿನ ತಲೆಗೆ ಸ್ಪ್ಯಾನರು ಕೂರಿಸಿ ಹಿಡಿದುಕೊಂಡಳು. ಕಡ್ಡಿಗಳ ನಡುವೆ ಮತ್ತೆ ಅಪ್ಪನ ಮುಖ, ಮುಚ್ಚಿದ ಕಣ್ಣು, ಓರೆ ಮಾಡಿದ ಕತ್ತು. ಈಗ ಬಲ ಬರುತ್ತದೆ. ಕೋಪದಲ್ಲಿದ್ದಾರೆ, ಕೋಪಕ್ಕೆ ಬಲವಿರುತ್ತದೆ. ಅಂಗೈಯನ್ನು ಗಟ್ಟಿ ಮಾಡಿ ಕಾದಳು, ನೋವಿಗಾಗಿ ಕಾದಳು. ಅಪ್ಪನ ದವಡೆ ಬಿಗಿಯಿತು, ಕತ್ತಿನ ನರ ಎದ್ದಿತು, ತುಟಿ ಹಲ್ಲಿನೊಳಗೆ ಹೋಯಿತು. ಅಷ್ಟೆಲ್ಲ ಆ ಕಡೆ ನಡೆಯುತ್ತಿರುವಾಗ ಈ ಕಡೆ ಅವಳ ಕೈಗೆ ಬಂದದ್ದು ಅದೇ ನಡುಕ. ಬೇರೇನೂ ಬರಲಿಲ್ಲ.

“ಹ್ಞೂಂ,” ಎಂದರು ಅಪ್ಪ. ಎದ್ದು ನಿಂತು, ಉಸಿರು ಬಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. “ಈಗ ಆನೆ ಬಂದು ಎಳೆದ್ರೂ ಬರಲ್ಲ.”

ಅವಳು ಎದ್ದು ಈಚೆ ಬಂದಳು. ಬರಬೇಕಾಗಿರಲಿಲ್ಲ. ಎರಡು ಬೆರಳು ನಟ್ಟಿನ ಮೇಲೆ ಹೋದವು. ಹನ್ನೊಂದು ದಿನದ ಅನುಮಾನ ಅಷ್ಟರಲ್ಲಿ ಮುಗಿಯಿತು.

“ಆಯ್ತಲ್ಲ, ಸಾಕು ಬಿಡೇ,” ಮೆಟ್ಟಿಲ ಮೇಲಿಂದ ಅಮ್ಮನ ದನಿ ತೀರಾ ಬೇಗ ಬಂತು. “ಅವರು ಬಿಗಿ ಮಾಡಿದ್ದಾರಲ್ಲ.” ಅವಳು ತಲೆಯೆತ್ತಿದಳು. ಅಮ್ಮನ ಕಣ್ಣು ಅವಳ ಕಣ್ಣಿನ ಮೇಲೆ ಇತ್ತು, ವರ್ಷದಲ್ಲಿ ಮೊದಲ ಸಲ, ತಪ್ಪಿಸದೆ, ಬೇಡ ಎನ್ನುತ್ತಿತ್ತು. ಕೆಳಗೆ ಸಂದಿನಲ್ಲಿ ಕೆಂಪು, ಖಾಲಿ, ಕೆಂಪು. ಅಪ್ಪ ಆಗಲೇ ಹ್ಯಾಂಡಲ್ಲು ಹಿಡಿದು ಕಾಲೆತ್ತಿದ್ದರು. ಸಂದರ್ಶನದ ಕೋಣೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಈ ಮಾತು ಆಡಿದರೆ ಸಂಜೆ ಈ ಮನೆಯಲ್ಲಿ ಯಾರು ಯಾರ ಮುಖ ನೋಡುತ್ತಾರೆ? ಅವಳು ಗಾಡಿಯ ಮುಂದಿನಿಂದ ಬಳಸಿ ಬಂದು, ಅಪ್ಪನ ಬಲಗೈಯನ್ನು ಹ್ಯಾಂಡಲ್ಲಿನಿಂದ ಬಿಡಿಸಿ, ತನ್ನ ಕೈಯೊಳಗೆ ಹಿಡಿದುಕೊಂಡಳು. ಅದು ನಡುಗುತ್ತಿತ್ತು.

“ಅಪ್ಪ, ಇನ್ನೂ ತಿರುಗ್ತಾ ಇದೆ,” ಎಂದಳು, ದರ್ಜಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ನಾನು ತಿರುಗಿಸಲಿಲ್ಲ. ಆವತ್ತೂ ನೀವು ಬಿಗಿ ಮಾಡಿದ್ಮೇಲೆ ಹೀಗೇ ತಿರುಗ್ತಿತ್ತು.”